ವಸಡಿನಲ್ಲಿ ರಕ್ತ ಬಂದರೆ ಬ್ರಷ್ ಬಿಡಬೇಡಿ

ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಾಗಿ ಕಂಡರೆ ಅನೇಕರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ನಿಲ್ಲಿಸುತ್ತಾರೆ. ತೊಂದರೆ ಬಲಿಯುವುದು ಅಲ್ಲಿಂದಲೇ. ರಕ್ತ ಬರುವ ಜಾಗಕ್ಕೇ ಹೆಚ್ಚು ಶುಚಿ ಬೇಕು, ಆದರೆ ಮೃದುವಾಗಿ.

ಊತ ಬರುವುದು ಹೇಗೆ?

ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ರೋಗಾಣುಗಳ ತೆಳು ಪದರ ದಿನವೂ ಕಟ್ಟುತ್ತದೆ. ಇದೇ ಪಾಚಿ. ಉಗುರಿನಿಂದ ಕೆರೆದರೆ ಬಿಳಿಯಾಗಿ, ಅಂಟಂಟಾಗಿ ಬರುತ್ತದೆ. ತೆಗೆಯದೆ ಬಿಟ್ಟರೆ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಗಟ್ಟಿಯಾಗುವಂತೆ, ಎಂಜಲಿನ ಸುಣ್ಣದಂಶ ಸೇರಿ ಇದು ಕಲ್ಲಾಗುತ್ತದೆ. ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ.

1965ರಲ್ಲಿ ವಸಡಿನ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಊತ ಇಳಿಯಿತು. ಮೊದಲ ಹಂತದ ಊತ ಪೂರ್ತಿ ವಾಸಿಯಾಗುತ್ತದೆ. ನಿರ್ಲಕ್ಷಿಸಿದರೆ ಹಲ್ಲು ಹಿಡಿದಿರುವ ಮೂಳೆಯೇ ಕರಗಬಹುದು; ಆ ಮೂಳೆ ತಾನಾಗಿ ಮರಳದು.

ಹೊಸದುರ್ಗದ ಕಡೆಯ ಗೊಂದಲ

ಹೊಸದುರ್ಗ ಇರುವ ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದವರ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಮೂಡುತ್ತದೆ. ಅದು ಪಾಚಿಯಲ್ಲ, ಕೊಳೆಯೂ ಅಲ್ಲ; ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಆದ ಬದಲಾವಣೆ. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಹಾಕಿ ತಿಕ್ಕಿದರೆ ಕಲೆ ಹೋಗದು, ಹಲ್ಲು ಸವೆದು ವಸಡು ಹಿಂದೆ ಸರಿಯುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

- ಸಾಫ್ಟ್ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಹಿಡಿದು, ಇದ್ದಲ್ಲೇ ಸಣ್ಣದಾಗಿ ಅಲುಗಿಸಿ. ಬೆಳಿಗ್ಗೆ ಮತ್ತು ರಾತ್ರಿ ಎರಡೆರಡು ನಿಮಿಷ. ಒಳಬದಿಯನ್ನು ಮರೆಯಬೇಡಿ.
- ದಿನಕ್ಕೊಮ್ಮೆ ಹಲ್ಲಿನ ಸಂದಿಯನ್ನು ದಾರ (ಫ್ಲಾಸ್) ಅಥವಾ ಸಂದಿ ಬ್ರಷ್‌ನಿಂದ ಶುಚಿಗೊಳಿಸಿ. ಪಿನ್ನು, ಕಡ್ಡಿ ಚುಚ್ಚಬೇಡಿ.
- ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಿ. ಸಂದಿಗಳಿಗೆ ಅದು ಸಾಲದು.
- ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ನೋವು ತಗ್ಗುತ್ತದೆ. ಪಾಚಿ ತೆಗೆಯುವುದು ಮಾತ್ರ ಬ್ರಷ್ಷೇ.
- ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದಾಗುತ್ತದೆ.
- ಮೂರು ತಿಂಗಳಿಗೊಮ್ಮೆ, ಎಳೆ ಬಾಗಿದರೆ ಅದಕ್ಕೂ ಮೊದಲೇ, ಬ್ರಷ್ ಬದಲಿಸಿ.

ಎಲೆ ಅಡಿಕೆಯ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕುವವರು ಅದನ್ನು ಬಿಡದೆ ವಸಡು ಉಳಿಯುವುದು ಕಷ್ಟ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಹೆಚ್ಚು ಕಾಣಿಸದೆಯೇ ರೋಗ ಬಲಿಯಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡಿನಿಂದ ಸಕ್ಕರೆ ಹತೋಟಿಯೂ ಕಷ್ಟವಾಗುತ್ತದೆ. ಗರ್ಭಿಣಿಯರಿಗೆ ಊತ ಸುಲಭವಾಗಿ ಬರುತ್ತದೆ, ಅವರೂ ಕ್ಲೀನಿಂಗ್ ಮಾಡಿಸಿಕೊಳ್ಳಬಹುದು.

ವೈದ್ಯರ ಬಳಿ ಯಾವಾಗ?

ಕಲ್ಲಾದ ಪಾಚಿಯನ್ನು ದಂತವೈದ್ಯರೇ ತೆಗೆಯಬೇಕು. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತು ನಿಜವಲ್ಲ. ಸಂದಿ ತುಂಬಿದ್ದ ಕಲ್ಲು ಹೋದಾಗ ಖಾಲಿ ಎನಿಸುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ, ಅಷ್ಟೇ. ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ, ಕೀವು ಬಂದರೆ ಅಥವಾ ಹಲ್ಲು ಅಲುಗಾಡಿದರೆ ಆಸ್ಪತ್ರೆಗೆ ಹೋಗಿ. ಜ್ವರದೊಂದಿಗೆ ಮುಖ ಊದಿದರೆ ಅದೇ ದಿನ ಹೊರಡಿ. ಚಿತ್ರದುರ್ಗದ ಎಸ್‌ಜೆಎಂ ದಂತ ಕಾಲೇಜು, ದಾವಣಗೆರೆಯ ಬಾಪೂಜಿ ದಂತ ಕಾಲೇಜುಗಳಲ್ಲಿ ವಸಡಿನ ತಜ್ಞರು ಸಿಗುತ್ತಾರೆ.