ಬಂಡಿದಾರಿಯಲ್ಲೊಂದು ಗೇರ್ ಸೈಕಲ್

2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಹಿಮ ಬೀಳುವ ಬೆಟ್ಟಗಳ ರಾಜ್ಯಗಳು ಅಷ್ಟೊಂದಿದ್ದೂ ಆ ಸ್ಪರ್ಧೆ ಕುರುಚಲು ಗುಡ್ಡಗಳ ಸೀಮೆಗೆ ಬಂತು ಎನ್ನುವುದನ್ನು ದಾವಣಗೆರೆ ಜಿಲ್ಲೆಯವರು ಗಮನಿಸಬೇಕು. ಹೆಸರಿನಲ್ಲಿ ಬೆಟ್ಟವಿದ್ದರೂ ಈ ಸೈಕಲ್ಲಿಗೆ ಬೇಕಾಗಿರುವುದು ಮಣ್ಣಿನ ಹಾದಿ, ಅಲ್ಲಲ್ಲಿ ಏರು, ಅಲ್ಲಲ್ಲಿ ಇಳಿಜಾರು, ಒಂದಿಷ್ಟು ಕಲ್ಲು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಇವಕ್ಕೇನೂ ಬರವಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಖುಷಿಗಾಗಿ ಗೇರ್ ಸೈಕಲ್ ಹತ್ತುವ ಕೆಲವರೂ ಹೆಚ್ಚಾಗಿ ಟಾರು ರಸ್ತೆಯ ಅಂಚು ಹಿಡಿದು, ಲಾರಿ ಬಸ್ಸುಗಳು ಎಬ್ಬಿಸುವ ಗಾಳಿಗೆ ಓಲಾಡುತ್ತ ಹೋಗುತ್ತಾರೆ. ನನ್ನ ವಾದ ಇಷ್ಟೆ: ಈ ಹವ್ಯಾಸಕ್ಕೆ ನಮ್ಮಲ್ಲಿ ಪಾರ್ಕು, ಟ್ರ್ಯಾಕು, ಟೆಂಡರು ಯಾವುದೂ ಬೇಕಿಲ್ಲ. ಹಳೆಯ ಬಂಡಿದಾರಿ, ನಾಲೆಯ ಏರಿ, ಗುಡಿಗೆ ಹೋಗುವ ಗುಡ್ಡದ ಹಾದಿ ಇವು ಮುಚ್ಚಿಹೋಗದಂತೆ ಉಳಿದರೆ ಸಾಕು.

ಈ ಆಟ ಹುಟ್ಟಿದ ಬಗೆಯನ್ನೇ ನೋಡಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಗುಜರಿಗೆ ಹೋಗಬೇಕಿದ್ದ ಷ್ವಿನ್ ಕಂಪನಿಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ಕೆಳಗಿಳಿಯಲು ಶುರುಮಾಡಿದರು. ಅವರು ಇಳಿದದ್ದು ಕಾಡ್ಗಿಚ್ಚು ಆರಿಸುವ ವಾಹನಗಳಿಗೆಂದು ಮಾಡಿದ್ದ ಮಣ್ಣು ರಸ್ತೆಗಳಲ್ಲಿ. 1976ರಲ್ಲಿ ಅಂಥದೊಂದು ರಸ್ತೆಯಲ್ಲಿ ಪಂದ್ಯ ಆರಂಭವಾಯಿತು. ಮೂರು ಕಿಲೋಮೀಟರ್ ಆಸುಪಾಸಿನ ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಹಿಂದಿನ ಹಬ್ಬಿನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಇಳಿದ ಮೇಲೆ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಆ ಇಳಿಜಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಅದರಿಂದಲೇ. ಜೋ ಬ್ರೀಜ್ ಎಂಬಾತ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮ್ ಬೆಸೆದ. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಪಂದ್ಯ ಸೇರಿತು. ಕಾರ್ಬನ್ ಫ್ರೇಮು, ಲಕ್ಷಗಟ್ಟಲೆ ಬೆಲೆ ಎಲ್ಲ ಆಮೇಲೆ ಬಂದ ವ್ಯಾಪಾರ. ಬೇರೆ ಯಾವುದೋ ಕೆಲಸಕ್ಕೆ ಮಾಡಿದ ಮಣ್ಣು ರಸ್ತೆ, ಯಾರಿಗೂ ಬೇಡವಾದ ಸೈಕಲ್ಲು ಇವೆರಡರಿಂದಲೇ ಆಟ ಶುರುವಾಯಿತು.

ಬೇರೆ ಕೆಲಸಕ್ಕೆ ಮಾಡಿದ ಮಣ್ಣು ರಸ್ತೆ ನಮ್ಮಲ್ಲಿ ಎಷ್ಟು ಬಗೆಯದಿದೆ ಎಂದು ನೋಡಿದರೆ ಬೆರಗಾಗುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ಬಲದಂಡೆ ನಾಲೆ ಚನ್ನಗಿರಿ ಸೀಮೆಯನ್ನು ಹಾದು ಹೋಗುತ್ತದೆ. ನಾಲೆಯ ಜೊತೆಗೇ ಏರಿಯ ಮೇಲೆ ನಿಗಾ ರಸ್ತೆ, ಪಕ್ಕದಲ್ಲಿ ಅಡಿಕೆ ತೋಟದ ನೆರಳು. ಏರಿಳಿತವಿಲ್ಲದ ಈ ಹಾದಿ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಶಾಂತಿಸಾಗರದ, ಅಂದರೆ ಸೂಳೆಕೆರೆಯ ಸುತ್ತಲ ಗುಡ್ಡಗಳಲ್ಲಿ, ಕುಕ್ಕುವಾಡೇಶ್ವರಿಯ ಅಮ್ಮನಗುಡ್ಡದ ಕಡೆ ನೆಲ ಕೆಂಪು, ಮೇಲೆ ಗರಸು. ಗರಸಿನ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರಿ ಬೀಳುವುದು ಖಂಡಿತ. ಎರಡೂ ಬ್ರೇಕನ್ನು ಬೆರಳ ತುದಿಯಲ್ಲಿ ಬಿಟ್ಟು ಹಿಡಿಯುತ್ತ, ಮೈಯನ್ನು ಹಿಂದಕ್ಕೆ ಸರಿಸಿ ಇಳಿಯುವುದನ್ನು ಕಲಿಸುವ ಗುರು ಆ ಗರಸೇ. ನ್ಯಾಮತಿಯಲ್ಲಿ ತೀರ್ಥರಾಮೇಶ್ವರದ ಬೆಟ್ಟವಿದೆ, ತುಂಗಾ ಮೇಲ್ದಂಡೆ ನಾಲೆಯಿದೆ. ಸೇವಾಲಾಲರ ಜಯಂತಿಗೆ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ನಡೆದು ಬರುವ ಭಕ್ತರ ಹಾದಿಗಳಿವೆ. ಹೊನ್ನಾಳಿಯ ತುಂಗಭದ್ರೆಯ ಬಯಲಿಗೆ ಬಂದರೆ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಕಲ್ಲಿನಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನೇ ಕಟ್ಟಿಹಾಕುತ್ತದೆ, ಆಗ ಕಡ್ಡಿಯಿಂದ ಕೆರೆದು ತೆಗೆಯದೆ ಗತಿಯಿಲ್ಲ. ಜಗಳೂರಿನ ಕಥೆಯೇ ಬೇರೆ. ಕೊಣಚಗಲ್ ಗುಡ್ಡ, ಕೊಡದಗುಡ್ಡದ ಸುತ್ತ ಬೆಣಚುಕಲ್ಲಿನ ನೆಲ, ಕುರಿ ಹಿಂಡು ಸವೆಸಿದ ಒಂಟಿ ಜಾಡು, ಎರಡೂ ಕಡೆ ಬಳ್ಳಾರಿ ಜಾಲಿ. ಮಳೆ ಕಡಿಮೆಯಾದ್ದರಿಂದ ಹಾದಿ ವರ್ಷದ ಬಹುಪಾಲು ಒಣಗಿರುತ್ತದೆ. ರೈತನಿಗೆ ಶಾಪವಾದದ್ದು ಸವಾರನಿಗೆ ಅನುಕೂಲ ಎನ್ನಲು ಸಂಕೋಚವಾಗುತ್ತದೆ, ಆದರೂ ನಿಜ.

ಇಷ್ಟು ಬಗೆಯ ನೆಲಕ್ಕೆ ಮನೆಯಲ್ಲಿರುವ ಹಳೆಯ ಸೈಕಲ್ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸಮತಟ್ಟಿಗೆ ಸಾಕು, ಗುಡ್ಡಕ್ಕೆ ಸಾಲದು. ಸಾಧಾರಣ ಆರೋಗ್ಯದ ಮನುಷ್ಯ ಒಂದೇ ಸಮನೆ ಪೆಡಲ್ ತುಳಿದು ಕೊಡಬಲ್ಲ ಶಕ್ತಿ 100ರಿಂದ 150 ವ್ಯಾಟ್. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಮಣ್ಣು ಹಾದಿಯಲ್ಲಿ, ಸವಾರನೂ ಸೈಕಲ್ಲೂ ಸೇರಿ 95 ಕಿಲೋ ಎಂದುಕೊಂಡರೆ, 150 ವ್ಯಾಟ್ ಕೊಟ್ಟರೂ ವೇಗ ಗಂಟೆಗೆ ಐದು ಕಿಲೋಮೀಟರ್ ಆಸುಪಾಸು, ಅಂದರೆ ನಡಿಗೆಯ ವೇಗ. ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಐದು ಮೀಟರಿಗೂ ಮಿಕ್ಕಿ ಉರುಳುತ್ತದೆ. ಆ ವೇಗಕ್ಕೆ ನಿಮಿಷಕ್ಕೆ 15–16 ಸುತ್ತು ಮಾತ್ರ ತುಳಿಯಬೇಕು, ಪ್ರತಿ ಸುತ್ತಿಗೂ ಮೊಣಕಾಲು ಮುರಿಯುವಷ್ಟು ಭಾರ. ಮುಂದೆ 22 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಇದ್ದರೆ ಅದೇ ಏರನ್ನು ನಿಮಿಷಕ್ಕೆ 60 ಸುತ್ತಿನ ಹಗುರ ತುಳಿತದಲ್ಲಿ ಹತ್ತಬಹುದು. ಶಕ್ತಿ ಹೆಚ್ಚುವುದಿಲ್ಲ, ಭಾರ ಹಂಚಿಹೋಗುತ್ತದೆ. ಪೇಟೆಯ ಅಂಗಡಿಗಳಲ್ಲಿ ಮಕ್ಕಳ ಕಣ್ಣು ಸೆಳೆಯಲು ಮುಂದೊಂದು ಹಿಂದೊಂದು ಸ್ಪ್ರಿಂಗ್ ಹಾಕಿ ‘ಎಂಟಿಬಿ’ ಎಂದು ಬರೆದ ಸೈಕಲ್ಲುಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅಗ್ಗದ ಸ್ಪ್ರಿಂಗ್ ತೂಕ ಹೆಚ್ಚಿಸುತ್ತದೆ, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಅದಕ್ಕಿಂತ ಸ್ಪ್ರಿಂಗೇ ಇಲ್ಲದ ಫೋರ್ಕು, ಕೆಳ ಗೇರು, ನಂಬಬಹುದಾದ ಬ್ರೇಕು, ಎರಡಂಗುಲ ಅಗಲದ ಟೈರು ಮೇಲು. ಗಾಳಿಯನ್ನು ಕಲ್ಲಿನಂತೆ ತುಂಬಿಸುವ ಅಭ್ಯಾಸವನ್ನೂ ಬಿಡಬೇಕು. ಮಣ್ಣು ಹಾದಿಗೆ 30 ಪಿಎಸ್‌ಐ ಸುತ್ತಮುತ್ತ ಸಾಕು, ಟೈರು ಕಲ್ಲಿನ ಮೇಲೆ ಬಗ್ಗಿ ನೆಲ ಹಿಡಿಯುತ್ತದೆ. ಜಗಳೂರಿನ ಕಡೆಯವರಿಗೆ ಇನ್ನೊಂದು ಮಾತು: ಜಾಲಿ ಮುಳ್ಳು ಯಾವ ಕಂಪನಿಯ ಟ್ಯೂಬಿಗೂ ಅಂಜುವುದಿಲ್ಲ. ಪಂಕ್ಚರ್ ಸಾಮಾನು, ಪಂಪು ಚೀಲದಲ್ಲಿರಲಿ.

ಇದನ್ನೆಲ್ಲ ಕೇಳಿ, ದಿನವಿಡೀ ಹೊಲದಲ್ಲಿ ಬೆವರು ಸುರಿಸುವವರ ಊರಿನಲ್ಲಿ ಬೆವರಿಳಿಸುವುದಕ್ಕೆಂದೇ ಸೈಕಲ್ ಕೊಳ್ಳುವುದು ಯಾವ ಬುದ್ಧಿವಂತಿಕೆ ಎಂದು ಒಬ್ಬರು ಕೇಳಬಹುದು. ಸರಿಯಾದ ಪ್ರಶ್ನೆ. ಕಳೆ ಕೀಳುವವರಿಗೆ, ಅಡಿಕೆ ಕೊನೆ ಇಳಿಸುವವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಆದರೆ ತಾಲ್ಲೂಕು ಕೇಂದ್ರಗಳಲ್ಲಿ ಈಗ ಕುರ್ಚಿಯ ಮೇಲೆ ದಿನ ಕಳೆಯುವವರೇ ದೊಡ್ಡದೊಂದು ವರ್ಗ: ಮೇಷ್ಟ್ರು, ಬ್ಯಾಂಕಿನವರು, ಮಂಡಿಯ ಗುಮಾಸ್ತರು, ಮೊಬೈಲ್ ಅಂಗಡಿಯ ಹುಡುಗರು. ಅವರಿಗೆ ಇದು ದುಬಾರಿ ಎನ್ನುವುದಕ್ಕಿಂತ ಮರ್ಯಾದೆಯ ವಿಷಯ. ಸಂಬಳ ಬಂದ ಮೇಲೂ ಸೈಕಲ್ ತುಳಿದರೆ ‘ಏನಪ್ಪಾ, ಗಾಡಿ ಮಾರಿಬಿಟ್ಯಾ?’ ಎಂದು ಕೇಳುವ ಊರುಗಳು ನಮ್ಮವು. ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ತೊಡಗಿದ್ದು 2006–07ರಲ್ಲಿ. ಆ ಮೊದಲ ತಂಡದವರಿಗೆ ಈಗ ಮೂವತ್ತು ದಾಟಿದೆ. ಮಳೆಗಾಲದ ಕೆಸರಲ್ಲಿ, ಹಳ್ಳ ದಾಟಿ, ಹಿಂದೆ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿಕೊಂಡು ಹೈಸ್ಕೂಲಿಗೆ ಹೋದ ತಲೆಮಾರು ಅದು. ಅವರಿಗೆ ಹಾದಿಯೂ ಗೊತ್ತು, ಸೈಕಲ್ಲೂ ಗೊತ್ತು. ಹುಡುಗಿಯರ ಪಾಲಿಗಂತೂ ಹತ್ತನೇ ತರಗತಿ ಮುಗಿದದ್ದೇ ಸೈಕಲ್ಲೂ ಮುಗಿಯಿತು. ಅದನ್ನು ಮತ್ತೆ ಹತ್ತಲು ಅವರಿಗೆ ಧೈರ್ಯ ಬರುವುದು ಲಾರಿಗಳ ಹೆದ್ದಾರಿಯಲ್ಲಂತೂ ಅಲ್ಲ, ಊರವರೇ ಓಡಾಡುವ ಪರಿಚಿತ ಬಂಡಿದಾರಿಯಲ್ಲಿ.

ಹಾದಿ ಕೆಡುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಊಹೆಯ ಉತ್ತರ ಬೇಕಿಲ್ಲ, ಅಳೆದು ನೋಡಿದವರಿದ್ದಾರೆ. ಅಮೆರಿಕದ ಮೊಂಟಾನಾದಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ಕುದುರೆ, ಕಾಲ್ನಡಿಗೆ, ಮೋಟಾರ್ ಸೈಕಲ್, ಮೌಂಟನ್ ಬೈಕ್ ನಾಲ್ಕನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ನೆನೆಸಿದ ಹಾದಿಯಲ್ಲಿ ಹೆಚ್ಚು ಮಣ್ಣು ಸಡಿಲಿಸಿದ್ದು ಕುದುರೆಯ ಗೊರಸು, ಮನುಷ್ಯರ ಪಾದವೇ ಹೊರತು ಚಕ್ರಗಳಲ್ಲ. ಕೆನಡಾದ ಒಂಟಾರಿಯೊದಲ್ಲಿ ಥರ್ಸ್ಟನ್ ಮತ್ತು ರೀಡರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಜಾಗದಲ್ಲಿ 500 ಬಾರಿ ನಡೆದದ್ದಕ್ಕೂ 500 ಬಾರಿ ಸೈಕಲ್ ಓಡಿಸಿದ್ದಕ್ಕೂ ಗಿಡಕ್ಕೆ, ನೆಲಕ್ಕೆ ಆದ ಹಾನಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅವರ ಮಣ್ಣು ನಮ್ಮ ಮಣ್ಣಲ್ಲ, ಒಪ್ಪೋಣ. ಆದರೆ ಟ್ರ್ಯಾಕ್ಟರ್ ಚಕ್ರ ಮೊಳಕಾಲುದ್ದ ಹಳ್ಳ ತೋಡುವ ಬಂಡಿದಾರಿಯಲ್ಲಿ ಹದಿನೈದು ಕಿಲೋದ ಸೈಕಲ್ಲಿನ ಮೇಲೆ ದೂರು ಹೊರಿಸುವುದು ಅನ್ಯಾಯ. ಎರೆ ನೆಲ ಹಸಿಯಾಗಿರುವಾಗ ಮಾತ್ರ ಇಳಿಯಬಾರದು. ಇಳಿದವರಿಗೆ ಆ ಮಣ್ಣೇ ಬುದ್ಧಿ ಕಲಿಸುವುದರಿಂದ ಇದಕ್ಕೆ ಬೇರೆ ಕಾನೂನು ಬೇಕಾಗಲಾರದು.

ಕಾಡಿನ ವಿಷಯದಲ್ಲಿ ಮಾತ್ರ ಆಕ್ಷೇಪ ಎತ್ತುವವರ ಪಕ್ಷವೇ ಸರಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗೆಂದು ಮೀಸಲಾದ ವನ್ಯಧಾಮ, ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬಿನ ಈ ಜಿಂಕೆ ತೀರಾ ಪುಕ್ಕಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೇ ಕಲಮುಗಳ ಪ್ರಕಾರ ಅನುಮತಿಯಿಲ್ಲದೆ ವನ್ಯಧಾಮ ಹೊಗುವಂತಿಲ್ಲ. ಸೈಕಲ್ಲಿಗೆ ಅದರಲ್ಲಿ ವಿನಾಯಿತಿಯೂ ಇಲ್ಲ, ಇರಲೂ ಬಾರದು. ಸೈಕಲ್ಲಿಗೆ ಇನ್ನೊಂದು ವಿಶೇಷ ಅಪಾಯವಿದೆ. ಅದು ಸದ್ದಿಲ್ಲದೆ, ನಡಿಗೆಗಿಂತ ಮೂರು ನಾಲ್ಕು ಪಟ್ಟು ವೇಗದಲ್ಲಿ ಬರುತ್ತದೆ. ಪ್ರಾಣಿಗೆ ಸರಿದು ಹೋಗಲು ಸಮಯ ಸಿಗುವುದಿಲ್ಲ. 2016ರಲ್ಲಿ ಮೊಂಟಾನಾದಲ್ಲಿ ಮೌಂಟನ್ ಬೈಕ್ ಸವಾರರೊಬ್ಬರು ಮರೆಯಾಗಿದ್ದ ತಿರುವಿನಲ್ಲಿ ಕರಡಿಗೇ ಢಿಕ್ಕಿ ಹೊಡೆದು ಪ್ರಾಣ ಕಳೆದುಕೊಂಡರು. ನಮ್ಮ ಕರಡಿಯೂ ದಿಗಿಲುಬಿದ್ದಾಗಲೇ ಮೇಲೆರಗುವುದು. ಚನ್ನಗಿರಿ ತಾಲ್ಲೂಕಿನಲ್ಲಿ 2023ರ ಏಪ್ರಿಲ್‌ನಲ್ಲಿ ಕಾಡಾನೆ ದಾಳಿಗೆ ಬಾಲಕಿಯೊಬ್ಬಳು ಬಲಿಯಾದದ್ದನ್ನು ಆ ಭಾಗದವರು ಮರೆತಿಲ್ಲ. ಹೀಗಾಗಿ ಮೀಸಲು ಅರಣ್ಯ, ವನ್ಯಧಾಮ ಎರಡನ್ನೂ ಬಿಟ್ಟುಬಿಡುವುದೇ ಒಳಿತು. ಗುಡ್ಡದ ಅಂಚಿನ ಹಾದಿಗಳಲ್ಲೂ ಬಿಸಿಲೇರಿದ ಮೇಲೆ, ಗಂಟೆ ಬಾರಿಸುತ್ತ, ಇಬ್ಬರು ಮೂವರು ಜೊತೆಯಾಗಿ ಹೋಗಬೇಕು. ಇಷ್ಟನ್ನು ಬಿಟ್ಟುಕೊಟ್ಟರೂ ವಾದ ಸಡಿಲಾಗುವುದಿಲ್ಲ. ಹೊಲ, ತೋಟ, ನಾಲೆ, ಕೆರೆ, ಗೋಮಾಳಗಳ ನಡುವಿನ ಹಾದಿ ಕಾಡಿನ ಹಾದಿಗಿಂತ ಎಷ್ಟೋ ಪಾಲು ಹೆಚ್ಚಿದೆ.

ಹಾಗಿದ್ದರೆ ಅಪಾಯವಿಲ್ಲದ ಕಡೆ ಒಂದು ಟ್ರ್ಯಾಕನ್ನೇ ಕಟ್ಟಬಾರದೇಕೆ? ಬೆಂಗಳೂರನ್ನು ನೋಡಿ. ಅಲ್ಲಿನ ಮೌಂಟನ್ ಬೈಕ್ ಸವಾರರಿಗೆ ಊರ ಬಳಿ ಇದ್ದ ನೆಲೆಗಳಲ್ಲಿ ಮುಖ್ಯವಾದದ್ದು ತುರಹಳ್ಳಿಯ ಸಣ್ಣ ಕಾಡು. 2021ರಲ್ಲಿ ಅದನ್ನು ವೃಕ್ಷೋದ್ಯಾನ ಮಾಡುವ ಪ್ರಸ್ತಾವ ಬಂದಾಗ ಜನ ಬೀದಿಗಿಳಿಯಬೇಕಾಯಿತು. ಸಿಕ್ಕ ಒಂದು ತುಂಡು ಜಾಗಕ್ಕೆ ನಡೆಯುವವರು, ಓಡುವವರು, ಹಕ್ಕಿ ನೋಡುವವರು, ಸೈಕಲ್ಲಿನವರು ಎಲ್ಲರೂ ಜೋತುಬೀಳುವುದು ಮಹಾನಗರದ ಬಡತನ. ಟ್ರ್ಯಾಕ್ ಎಂದ ಮೇಲೆ ಬೇಲಿ, ಗೇಟು, ಟಿಕೆಟು, ಉದ್ಘಾಟನೆಯ ಕಲ್ಲು. ಎರಡು ಮಳೆಗಾಲದ ನಂತರ ಪಾರ್ಥೇನಿಯಂ. ನಮ್ಮ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳು ಗುರುತಾಗಿಯೇ ಇವೆ, ‘ನಕಾಶೆ ದಾರಿ’ ಎಂದೇ ಜನ ಅವನ್ನು ಕರೆಯುತ್ತಾರೆ. ಅವು ಕಾಣೆಯಾಗುತ್ತಿರುವುದು ಅಕ್ಕಪಕ್ಕದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತ ಬರುವುದರಿಂದ. ಇದರ ನೋವು ಸೈಕಲ್ಲಿನವರಿಗಿಂತ ಮೊದಲು ತಟ್ಟುವುದು ಒಳಹೊಲದ ರೈತನಿಗೆ. ಮೆಕ್ಕೆಜೋಳ ಕಟಾವಿಗೆ ಬಂದಾಗ ಟ್ರ್ಯಾಕ್ಟರ್ ಒಳಗೆ ಹೋಗದೆ ತಾಲ್ಲೂಕು ಕಚೇರಿಗೆ ಅಲೆಯುವವನು ಅವನೇ. ಇಲ್ಲಿ ಹವ್ಯಾಸದವರ ಹಿತವೂ ರೈತನ ಹಿತವೂ ಒಂದೇ ಹಾದಿಯಲ್ಲಿವೆ. ಎದುರಾಗುವುದು ಒಂದು ಕಡೆ ಮಾತ್ರ: ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದ ಬಳಿ ಅಪರಿಚಿತರು ಸುಳಿದರೆ ಕಳ್ಳತನದ ಅನುಮಾನ ಸಹಜ. ಅದಕ್ಕೆ ಮದ್ದು ಇಳಿದು ನಿಂತು, ಯಾವೂರು, ಯಾರ ಕಡೆಯವರು ಎಂದು ಹೇಳಿ ಎರಡು ಮಾತಾಡುವುದು. ನಾಯಿಗಳಿಗೂ ಇದೇ ಮದ್ದು: ಓಡಿಸಿದರೆ ಬೆನ್ನಟ್ಟುತ್ತವೆ, ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ನಡೆದರೆ ಸಾಮಾನ್ಯವಾಗಿ ಬೊಗಳಿ ಸುಮ್ಮನಾಗುತ್ತವೆ.

ನಾಲೆಯ ಏರಿಗಳು ಕರ್ನಾಟಕ ನೀರಾವರಿ ನಿಗಮದ ಸ್ವತ್ತು, ಎಷ್ಟೋ ಕಡೆ ತಡೆಗೋಡೆಯಿಲ್ಲ. ನೀರು ಬಿಟ್ಟಿರುವಾಗ ಅಂಚಿಗೆ ಹೋಗಬೇಡಿ, ಕತ್ತಲಲ್ಲಂತೂ ಏರಿ ಹತ್ತಲೇಬೇಡಿ. ಊರಿನ ಗ್ರಾಮ ನಕಾಶೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಇಲಾಖೆಯ ‘ದಿಶಾಂಕ್’ ಆ್ಯಪ್ ನೀವು ನಿಂತ ನೆಲದ ಸರ್ವೆ ನಂಬರನ್ನು ಅಲ್ಲೇ ತೋರಿಸುತ್ತದೆ. ಹೆಲ್ಮೆಟ್ ಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ ಇವೆರಡನ್ನೂ ಮೊಬೈಲಿಗೆ ಇಳಿಸಿಕೊಳ್ಳುವುದು. ದಾರಿ ನಕಾಶೆಯಲ್ಲಿದ್ದರೆ ಹೋಗಿ. ಇಲ್ಲದಿದ್ದರೆ ಹೊಲದವರನ್ನು ಕೇಳಿ ಹೋಗಿ. ನಕಾಶೆಯಲ್ಲಿದ್ದೂ ನೆಲದ ಮೇಲೆ ಇಲ್ಲದಿದ್ದರೆ ಆ ಹೊಲದ ರೈತರ ಜೊತೆ ಸೇರಿ ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ.