ಬೀಜವಿಲ್ಲದ ಬಾಳೆ

ಒಂದು ಬಾಳೆಯ ಹಣ್ಣನ್ನು ಸುಲಿದು ಅಡ್ಡಲಾಗಿ ಕತ್ತರಿಸಿ ನೋಡೋಣ. ತಿರುಳು ಮೂರು ಭಾಗಗಳು ಕೂಡಿ ಆದುದೆಂಬುದೂ, ಅದರ ನಡುವೆ ಸಾಸಿವೆಗಿಂತ ಚಿಕ್ಕವಾದ ಕಪ್ಪು ಚುಕ್ಕೆಗಳಿರುವುದೂ ಕಾಣುತ್ತದೆ. ಇವುಗಳನ್ನು ತಿನ್ನದವರಿಲ್ಲ, ಇವು ಏನೆಂದು ಕೇಳುವವರು ಮಾತ್ರ ವಿರಳ. ಬೀಜವಾಗಬೇಕಾಗಿದ್ದು ಬೀಜವಾಗದೆ ಉಳಿದ ಅಂಡಕಗಳೇ ಈ ಚುಕ್ಕೆಗಳು.

ಬೀಜವನ್ನು ಕಾಪಾಡಿ ದೂರಕ್ಕೆ ಸಾಗಿಸಲು ಸಸ್ಯಗಳಲ್ಲಿ ಏರ್ಪಟ್ಟಿರುವ ಸಾಧನವೇ ಹಣ್ಣು. ಹಾಗಿದ್ದಮೇಲೆ ಬೀಜವೇ ಇಲ್ಲದ ಹಣ್ಣನ್ನು ಬಿಡುವ ಬಾಳೆಯು ತನ್ನ ವಂಶವನ್ನು ಹೇಗೆ ಮುಂದುವರಿಸುತ್ತದೆ? ಇದರಿಂದ ಅದಕ್ಕೆ ಒದಗಿದ ಲಾಭವೇನು, ತೆತ್ತ ಬೆಲೆಯೇನು? ನಮ್ಮ ನಂಜನಗೂಡಿನ ರಸಬಾಳೆಯ ಅಳಿವು ಉಳಿವುಗಳು ಈ ಪ್ರಶ್ನೆಯೊಡನೆ ಹೆಣೆದುಕೊಂಡಿವೆ.

ಕಂದು ಮಗುವಲ್ಲ

ರೂಢಿಯಲ್ಲಿ ಬಾಳೆಯನ್ನು ಮರವೆಂದು ಕರೆಯುತ್ತೇವೆ. ಆದರೆ ನೆಲದ ಮೇಲೆ ಕಾಣುವ ಕಂಬವು ಎಲೆಗಳ ಬುಡಗಳು ಒಂದರೊಳಗೊಂದು ಸುತ್ತಿಕೊಂಡು ಆದುದು. ನಿಜವಾದ ಕಾಂಡವು ನೆಲದೊಳಗಿನ ಗೆಡ್ಡೆ. ಒಂದು ಕಂಬವು ಒಂದೇ ಸಲ ಗೊನೆ ಬಿಟ್ಟು ಸಾಯುತ್ತದೆ. ಅಷ್ಟರಲ್ಲಿ ಗೆಡ್ಡೆಯ ಪಕ್ಕದ ಮೊಗ್ಗುಗಳಿಂದ ಮರಿಗಳು ಎದ್ದಿರುತ್ತವೆ. ಇವುಗಳನ್ನು ನಮ್ಮ ರೈತರು ‘ಕಂದು’ ಎನ್ನುತ್ತಾರೆ. ಕಂದ ಎಂಬ ಮಾತಿಗೂ ಇದಕ್ಕೂ ಮೂಲ ಒಂದೇ. ಹೆಸರು ಬಲು ಮುದ್ದಾದುದು. ಆದರೆ ಆನುವಂಶಿಕತೆಯ ದೃಷ್ಟಿಯಿಂದ ನೋಡಿದರೆ ಕಂದು ತಾಯಿಯ ಮಗುವಲ್ಲ, ತಾಯಿಯೇ.

ಇದು ಹೇಗೆಂಬುದನ್ನು ವಿಚಾರ ಮಾಡೋಣ. ಜೀವಿಯ ಪ್ರತಿಯೊಂದು ಕೋಶದ ನಡುವೆ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿವೆ. ಅವುಗಳ ಮುಖ್ಯ ದ್ರವ್ಯ ಡಿ. ಎನ್. ಎ. ಇದು ತಿರುಚಿದ ಏಣಿಯಂತೆ ಇದೆಯೆಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟರು; ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ಕಿರಣ ಚಿತ್ರಗಳು ಇದಕ್ಕೆ ಆಧಾರವಾದವು. ಕೇವಲ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳು ಈ ಏಣಿಯ ಉದ್ದಕ್ಕೂ ಬೇರೆ ಬೇರೆ ಕ್ರಮಗಳಲ್ಲಿ ಜೋಡಣೆಗೊಂಡಿವೆ. ಎಲೆಯ ಆಕಾರ, ಹಣ್ಣಿನ ಬಣ್ಣ, ಪರಿಮಳ ಇವುಗಳಿಗೆಲ್ಲ ಬೇಕಾದ ಸೂಚನೆಗಳು ಈ ಬರಹದಲ್ಲಿ ಅಡಕವಾಗಿವೆ. ಅದರಲ್ಲಿನ ಒಂದೊಂದು ಸೂಚನೆಯನ್ನೂ ಒಂದು ಜೀನ್ ಎನ್ನಬಹುದು. 2012ರಲ್ಲಿ ವಿಜ್ಞಾನಿಗಳು ಬಾಳೆಯ ಈ ಬರಹವನ್ನು ಓದಿ, ಅದರಲ್ಲಿ ಸುಮಾರು 36,500 ಜೀನ್‌ಗಳಿವೆಯೆಂದು ಕಂಡುಕೊಂಡರು.

ಕೋಶವು ಎರಡಾಗುವ ಮೊದಲು ಏಣಿಯು ನಡುವೆ ಬಿಚ್ಚಿಕೊಳ್ಳುತ್ತದೆ. ಒಂದೊಂದು ಅರ್ಧವೂ ತನಗೆ ಹೊಂದುವ ಇನ್ನೊಂದು ಅರ್ಧವನ್ನು ಕಟ್ಟಿಕೊಳ್ಳುತ್ತದೆ. ಒಂದು ಗ್ರಂಥ ಎರಡು ಪ್ರತಿಗಳಾಗಿ, ಹೊಸ ಕೋಶಗಳೆರಡಕ್ಕೂ ಒಂದೊಂದು ದೊರೆಯುತ್ತದೆ. ಗೆಡ್ಡೆಯ ಮೊಗ್ಗು ಕಂದಾಗಿ ಬೆಳೆಯುವುದು ಈ ರೀತಿಯ ವಿಭಜನೆಯಿಂದಲೇ. ಆದುದರಿಂದ ತಾಯಿಯಲ್ಲಿದ್ದ ಗ್ರಂಥವೇ ಕಂದಿನಲ್ಲಿಯೂ ಇದೆ. ಪ್ರತಿಮಾಡುವಾಗ ಅಪರೂಪಕ್ಕೆ ತಪ್ಪುಗಳಾಗುವುದುಂಟು. ಕೆಂಪು ಹಣ್ಣಿನ ಚಂದ್ರಬಾಳೆಯಲ್ಲಿ ಒಮ್ಮೊಮ್ಮೆ ಹಸಿರು ಹಣ್ಣಿನ ಕಂದು ಹುಟ್ಟುವುದು ಇಂತಹ ಮಾರ್ಪಾಟಿನಿಂದ. ಆದರೆ ಇವು ವಿರಳ.

ಬೀಜದ ದಾರಿ

ಈಗ ಸಹ್ಯಾದ್ರಿಯ ಕಡಿದಾದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆಯನ್ನು ನೋಡೋಣ. ಇದು ನಮ್ಮ ಬಾಳೆಯ ಕುಟುಂಬಕ್ಕೆ ಸೇರಿದ ದಾಯಾದಿ. ಆದರೆ ಇದು ಕಂದು ಬಿಡುವುದಿಲ್ಲ. ಹೂ ಬಿಟ್ಟು, ಕಲ್ಲಿನಂತಹ ಕಪ್ಪು ಬೀಜಗಳಿಂದ ಕಿಕ್ಕಿರಿದ ಹಣ್ಣನ್ನು ಬಿಟ್ಟು ಸಾಯುತ್ತದೆ. ಅದರ ಮುಂದಿನ ತಲೆಮಾರೆಲ್ಲವೂ ಬೀಜದಿಂದಲೇ. ತೋಟದ ಬಾಳೆಗಳ ಪೂರ್ವಜರಾದ ಎರಡು ಕಾಡುಬಾಳೆಗಳು ಕಂದನ್ನೂ ಬಿಡುತ್ತಿದ್ದವು, ಬೀಜವನ್ನೂ ಕಟ್ಟುತ್ತಿದ್ದವು.

ಬೀಜ ಕಟ್ಟುವಾಗ ನಡೆಯುವುದು ಬೇರೊಂದು ಬಗೆಯ ವಿಭಜನೆ. ಕಾಡುಬಾಳೆಯ ಕೋಶದಲ್ಲಿ 22 ವರ್ಣತಂತುಗಳು, ಅಂದರೆ 11 ಜೋಡಿಗಳಿವೆ. ಪರಾಗ ಅಥವಾ ಅಂಡ ಸಿದ್ಧವಾಗುವಾಗ ಜೋಡಿಗಳು ಎದುರುಬದುರಾಗಿ ನಿಂತು ಬೇರೆಯಾಗುತ್ತವೆ. ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಮುಂದೆ ಸಾಗುತ್ತದೆ. ಯಾವುದು ಸಾಗಬೇಕೆಂಬುದು ನಾಣ್ಯ ಚಿಮ್ಮಿದಂತೆ ಆಕಸ್ಮಿಕ. 11 ಸಲ ನಾಣ್ಯ ಚಿಮ್ಮಿದರೆ 2,048 ಬಗೆಯ ಫಲಿತಾಂಶಗಳು ಸಾಧ್ಯ. ಪರಾಗದಲ್ಲಿ 2,048, ಅಂಡದಲ್ಲಿ 2,048. ಇವೆರಡೂ ಕೂಡಿದಾಗ ಒಂದೇ ತಂದೆತಾಯಿಗಳಿಂದ 41,94,304 ಬಗೆಯ ಸಂತತಿ ಹುಟ್ಟಬಹುದು! ಜೋಡಿಯ ವರ್ಣತಂತುಗಳು ಬೇರೆಯಾಗುವ ಮೊದಲು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಈ ವೈವಿಧ್ಯಕ್ಕೆ ಕೊನೆಯೇ ಇಲ್ಲ.

ಹಾಗಾದರೆ ತೋಟದ ಬಾಳೆಗೆ ಈ ದಾರಿ ಮುಚ್ಚಿಹೋದುದು ಹೇಗೆ? ಎಂದೋ ಒಮ್ಮೆ ಒಂದು ಗಿಡದ ಪರಾಗ ಅಥವಾ ಅಂಡವು ಅರ್ಧವಾಗದೆ 22 ವರ್ಣತಂತುಗಳೊಡನೆಯೇ ಉಳಿಯಿತು. ಅದು 11 ಇದ್ದ ಇನ್ನೊಂದರೊಡನೆ ಕೂಡಿ, 33 ವರ್ಣತಂತುಗಳ ಗಿಡ ಹುಟ್ಟಿತು. ರಸಬಾಳೆ, ಪಚ್ಚಬಾಳೆ ಮೊದಲಾದ ಬಹುಪಾಲು ತೋಟದ ಬಾಳೆಗಳು ಇಂತಹವು. ಮೂವರು ಎರಡು ಸಾಲಿನಲ್ಲಿ ಸಮನಾಗಿ ನಿಲ್ಲಲಾರರು. ಹನ್ನೊಂದು ಗುಂಪಿನಲ್ಲಿಯೂ ಇದೇ ಗೊಂದಲ. ಲೆಕ್ಕದ ಪ್ರಕಾರ 1,024 ವಿಭಜನೆಗಳಲ್ಲಿ ಒಂದರಲ್ಲಿ ಮಾತ್ರ ಸರಿಯಾದ ಹಂಚಿಕೆ ಆದೀತು. ಅಲ್ಲದೆ, ಪರಾಗಸ್ಪರ್ಶವಿಲ್ಲದೆಯೇ ಕಾಯಿ ತಿರುಳು ತುಂಬಿಕೊಳ್ಳುವ ಗುಣವೂ ಈ ಬಾಳೆಗಳಲ್ಲಿದೆ. ಹೀಗೆ ದೊರೆತ ಮೆತ್ತನೆಯ ಹಣ್ಣನ್ನು ಕಂಡ ಮಾನವನು ಅದರ ಕಂದನ್ನು ಕಿತ್ತು ತನ್ನ ಹಿತ್ತಲಿನಲ್ಲಿ ನೆಟ್ಟನು. ನ್ಯೂಗಿನಿಯಲ್ಲಿ ಸುಮಾರು 7,000 ವರ್ಷಗಳಷ್ಟು ಹಿಂದೆಯೇ ಬಾಳೆಯ ಬೇಸಾಯವಿತ್ತೆಂಬುದಕ್ಕೆ ಕುರುಹುಗಳು ದೊರೆತಿವೆ.

ಏಕರೂಪತೆಯ ಬೆಲೆ

ಕಂದಿನ ದಾರಿಯಿಂದ ನಮಗಾದ ಉಪಕಾರ ಸಣ್ಣದಲ್ಲ. ಒಂದು ಗಿಡದ ಹಣ್ಣು ರುಚಿಯಾಗಿದ್ದರೆ ಅದರ ಕಂದಿನ ಹಣ್ಣೂ ರುಚಿಯಾಗಿರುವುದು ನಿಶ್ಚಯ. ಬೀಜದ ದಾರಿಯಲ್ಲಿ ಆ ಭರವಸೆಯಿಲ್ಲ. ಆದರೆ ಸಾವಿರ ಮನೆಗಳಿಗೆ ಒಂದೇ ಬೀಗದ ಕೈ ಹೊಂದುವಂತಿದ್ದರೆ, ಆ ಕೈ ಕಳ್ಳನಿಗೆ ದೊರೆತ ದಿನ ಏನಾದೀತು?

ಬಾಳೆಯ ಕಳ್ಳನು ಮಣ್ಣಿನಲ್ಲಿ ವಾಸಿಸುವ ಫ್ಯೂಸೇರಿಯಂ ಎಂಬ ಶಿಲೀಂಧ್ರ. ಇದು ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಬುಡದಲ್ಲಿ ಮುರಿದು, ಕಂಬದ ಸುತ್ತ ಜೋಲುತ್ತವೆ, ಗಿಡ ಸಾಯುತ್ತದೆ. ಇದಕ್ಕೆ ಪನಾಮ ರೋಗವೆಂದು ಹೆಸರು. ಒಮ್ಮೆ ನೆಲಕ್ಕೆ ಸೇರಿದ ಇದರ ಬೀಜಕಣಗಳು ದಶಕಗಳ ಕಾಲ ಬದುಕಬಲ್ಲವು. ಮಧ್ಯ ಅಮೆರಿಕದಿಂದ ಹಡಗುಗಳಲ್ಲಿ ರಫ್ತಾಗುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆಯ ತೋಟಗಳನ್ನು ಈ ರೋಗವು 20ನೆಯ ಶತಮಾನದ ಮೊದಲರ್ಧದಲ್ಲಿ ಒಂದೊಂದಾಗಿ ಹಾಳುಗೆಡವಿತು. 1960ರ ದಶಕದ ಹೊತ್ತಿಗೆ ವ್ಯಾಪಾರಿಗಳು ಆ ತಳಿಯನ್ನು ಕೈಬಿಟ್ಟು, ರೋಗವನ್ನು ತಾಳಬಲ್ಲ ಕ್ಯಾವೆಂಡಿಷ್ ಬಾಳೆಗೆ ಶರಣಾದರು. ನಮ್ಮ ಪಚ್ಚಬಾಳೆ ಇದೇ ಗುಂಪಿನದು.

ಅದೇ ರೋಗ ಕಪಿಲಾ ತೀರದ ರಸಬಾಳೆಯನ್ನೂ ಬಿಡಲಿಲ್ಲ. ಒಂದು ಕಾಲಕ್ಕೆ ನಂಜನಗೂಡಿನ ಸುತ್ತಮುತ್ತ ವಿಶೇಷವಾಗಿ ಬೆಳೆಯುತ್ತಿದ್ದ, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿರುವ ಈ ಬಾಳೆಯ ವಿಸ್ತೀರ್ಣ ಕುಗ್ಗಿಹೋಗಿದೆ. ರೋಗ ತಗುಲಿದ ಗಿಡದ ಕಂದನ್ನು ನೆಟ್ಟರೆ ರೋಗವೂ ಜೊತೆಗೆ ಸಾಗುತ್ತದೆ. ಅಂಗಾಂಶ ಕೃಷಿಯಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗಳು ಶುದ್ಧವಾಗಿ ಹೊರಬರುತ್ತವೆ, ನಿಜ. ಆದರೆ ಅವುಗಳ ಗ್ರಂಥವೂ ಹಳೆಯದೇ. ಕಳ್ಳನು ಕಾದಿರುವ ಮಣ್ಣಿನಲ್ಲಿ ನೆಟ್ಟರೆ ಹಳೆಯ ಕೈಯಿಂದಲೇ ಬೀಗ ತೆರೆದುಕೊಳ್ಳುತ್ತದೆ.

ಇತ್ತ ಶಿಲೀಂಧ್ರವು ಸುಮ್ಮನೆ ಕುಳಿತಿಲ್ಲ. ಕ್ಯಾವೆಂಡಿಷ್ ಬಾಳೆಯನ್ನೂ ಕೊಲ್ಲಬಲ್ಲ ಅದರ ಹೊಸ ಬಗೆಯೊಂದು ಏಷ್ಯದಲ್ಲಿ ತಲೆಯೆತ್ತಿ, 2013ರಲ್ಲಿ ಮೊಜಾಂಬಿಕ್‌ನಲ್ಲಿಯೂ 2019ರಲ್ಲಿ ಕೊಲಂಬಿಯದಲ್ಲಿಯೂ ಕಾಣಿಸಿಕೊಂಡಿತು. ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳಿಗೂ ಅದು ಬಂದಿದೆ. ಪ್ರಪಂಚದಲ್ಲಿ ಅತ್ಯಧಿಕವಾಗಿ ಬಾಳೆ ಬೆಳೆಯುವ ನಮ್ಮ ದೇಶಕ್ಕೆ ಇದು ಅಲಕ್ಷಿಸತಕ್ಕ ಸುದ್ದಿಯಲ್ಲ.

ಪರಿಹಾರವೆಲ್ಲಿದೆ? ಇದನ್ನು ಹುಡುಕುತ್ತ ವಿಜ್ಞಾನಿಗಳು ಹೋದುದು ಕಾಡಿನ ಬೀಜದ ಬಾಳೆಯ ಬಳಿಗೆ. ಬೀಜದಿಂದ ಬೀಜಕ್ಕೆ ಸಾಗಿಬಂದ ಕಾಡುಬಾಳೆಗಳಲ್ಲಿ ಈ ಶಿಲೀಂಧ್ರವನ್ನು ಎದುರಿಸಬಲ್ಲ ಗಿಡಗಳೂ ಇವೆ. ಅಂತಹ ಒಂದು ಕಾಡುಬಾಳೆಯ ಜೀನನ್ನು ಆಸ್ಟ್ರೇಲಿಯದ ಸಂಶೋಧಕರು ಕ್ಯಾವೆಂಡಿಷ್ ಬಾಳೆಗೆ ಸೇರಿಸಿದರು; 2024ರಲ್ಲಿ ಆ ದೇಶವು ಅದಕ್ಕೆ ಅನುಮತಿಯನ್ನಿತ್ತಿತು. ಅತಿ ವಿರಳವಾಗಿ ದೊರೆಯುವ ಬೀಜಗಳನ್ನು ಹೆಕ್ಕಿ, ಸಂಕರದಿಂದ ಹೊಸ ತಳಿಗಳನ್ನು ಪಡೆಯುವ ಪ್ರಯತ್ನವಂತೂ 1922ರಲ್ಲಿ ಟ್ರಿನಿಡಾಡ್‌ನಲ್ಲಿ ಆರಂಭವಾದುದು, ಇಂದಿಗೂ ಹಲವು ದೇಶಗಳಲ್ಲಿ ಸಾಗಿದೆ.

ಬೇಕಾದ ಗುಣವನ್ನು ಕೆಡದಂತೆ ಕಾಯುವುದು ಕಂದು. ಎಂದೋ ಬರಬಹುದಾದ ಆಪತ್ತಿಗಾಗಿ ಹೊಸ ಗುಣಗಳನ್ನು ಕೂಡಿಡುವುದು ಬೀಜ. ಮೊದಲನೆಯದನ್ನು ನಾವು ತೋಟದಲ್ಲಿ ಚೆನ್ನಾಗಿ ಪೋಷಿಸಿದ್ದೇವೆ. ಎರಡನೆಯದು ಇನ್ನೂ ಕಾಡಿನ ಪಾಲಿನಲ್ಲಿದೆ; ತಿನ್ನಲು ಬಾರದ ಹಣ್ಣೆಂದು ಕಾಡುಬಾಳೆಯ ನೆಲೆಗಳನ್ನು ಕಡಿದುಹಾಕಿದರೆ, ನಾಳೆ ತೋಟದ ಬಾಳೆಗೆ ನೆರವು ಕೇಳಲು ನಮಗೆ ಬೇರೆ ಮನೆಯಿಲ್ಲ. ಮುಂದೆ ಬಾಳೆಯ ಹಣ್ಣನ್ನು ತಿನ್ನುವಾಗ ಆ ಕಪ್ಪು ಚುಕ್ಕೆಗಳನ್ನು ಒಮ್ಮೆ ನೋಡೋಣ. ಬಾಳೆಯು ನಮಗಾಗಿ ತ್ಯಜಿಸಿದ ಹಾದಿಯ ಗುರುತುಗಳು ಅವು.