ಕಲಾಚಿಕಿತ್ಸಕನ ಶಿಕ್ಷಣದಲ್ಲಿ ಸ್ವಚಿತ್ರರಚನೆಯ ಸ್ಥಾನ

ಮಾತಿಗೆ ನಿಲುಕದ ಮನೋವ್ಯಥೆಯನ್ನು ರೇಖೆ, ವರ್ಣ, ಮಣ್ಣು ಮೊದಲಾದ ಸಾಧನಗಳ ಮೂಲಕ ಹೊರತರಲು ರೋಗಿಗೆ ನೆರವಾಗುವ ವಿಧಾನಕ್ಕೆ ಕಲಾಚಿಕಿತ್ಸೆಯೆಂದು ಹೆಸರು. ಈ ಕಾರ್ಯವನ್ನು ಕೈಗೊಳ್ಳುವವನಿಗೆ ಚಿತ್ರಕಲೆಯ ಪರಿಚಯವೂ ಮನಶ್ಶಾಸ್ತ್ರದ ಜ್ಞಾನವೂ ಇದ್ದರೆ ಸಾಕೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಈ ವೃತ್ತಿಯ ಶಿಕ್ಷಣಕ್ರಮವು ಇವೆರಡರ ಜೊತೆಗೆ ಮೂರನೆಯದೊಂದನ್ನು ಅಪೇಕ್ಷಿಸುತ್ತದೆ. ಶಿಕ್ಷಣಾರ್ಥಿಯು ತಾನೇ ಚಿತ್ರಗಳನ್ನು ರಚಿಸಿ, ಅವುಗಳೆದುರು ಕುಳಿತು, ತನ್ನ ಮನಸ್ಸಿನ ವ್ಯಾಪಾರಗಳನ್ನು ಪರೀಕ್ಷಿಸಿಕೊಳ್ಳಬೇಕು. ಇದು ಏಕೆ ಅಗತ್ಯ, ಹೇಗೆ ನಡೆಯುತ್ತದೆ, ಇದರ ಮಿತಿಗಳಾವುವು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ಈ ಚಿಕಿತ್ಸೆಯ ಹೆಸರೇ ಒಬ್ಬ ರೋಗಿಯ ಸ್ವಾನುಭವದಿಂದ ಹುಟ್ಟಿದುದು. ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಆರೋಗ್ಯಧಾಮವನ್ನು ಸೇರಿದನು. ಅಲ್ಲಿ ಚಿತ್ರ ಬರೆಯುತ್ತ ತಾನು ಪಡೆದ ಸಮಾಧಾನವನ್ನು ಇತರ ರೋಗಿಗಳಿಗೂ ದೊರಕಿಸಲು ಯತ್ನಿಸಿ, 1942ರಲ್ಲಿ ಈ ವಿಧಾನಕ್ಕೆ ಕಲಾಚಿಕಿತ್ಸೆಯೆಂಬ ಹೆಸರನ್ನಿತ್ತನು. 1946ರಲ್ಲಿ ಎಡ್ವರ್ಡ್ ಆಡಮ್ಸನ್ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಚಿತ್ರಶಾಲೆಯನ್ನು ನಡೆಸಲಾರಂಭಿಸಿದನು. ರೋಗಿಗಳ ಚಿತ್ರಗಳಿಗೆ ತಾನೇ ಅರ್ಥ ಹೇಳಲು ಹೋಗದಿರುವುದು ಅವನ ಪದ್ಧತಿ. ಅಮೆರಿಕದಲ್ಲಿ ಮಾರ್ಗರೆಟ್ ನೌಂಬರ್ಗ್ ಇದನ್ನು ಮನೋವಿಶ್ಲೇಷಣೆಯ ತಳಹದಿಯ ಮೇಲೆ ಬೆಳೆಸಿದಳು. 1964ರಲ್ಲಿ ಬ್ರಿಟನ್ನಿನಲ್ಲಿಯೂ 1969ರಲ್ಲಿ ಅಮೆರಿಕದಲ್ಲಿಯೂ ವೃತ್ತಿಸಂಘಗಳು ಸ್ಥಾಪಿತವಾದುವು. ಇಂದು ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ಕಲಾಚಿಕಿತ್ಸಕರೆಂದು ಕರೆದುಕೊಳ್ಳುವುದು ಕಾನೂನಿಗೆ ವಿರುದ್ಧ. ನೋಂದಣಿಗೆ ಸ್ನಾತಕೋತ್ತರ ಮಟ್ಟದ ಶಿಕ್ಷಣವು ಬೇಕು.

ಸ್ವಪರೀಕ್ಷೆಯ ಅಗತ್ಯವನ್ನು ಮನೋವಿಶ್ಲೇಷಕರು ಮೊದಲೇ ಮನಗಂಡಿದ್ದರು. ಅನ್ಯರನ್ನು ವಿಶ್ಲೇಷಿಸಬಯಸುವವನು ತಾನೇ ಮೊದಲು ವಿಶ್ಲೇಷಣೆಗೆ ಒಳಗಾಗಬೇಕೆಂಬ ಜ್ಯೂರಿಚ್ ಪಂಥದವರ ನಿಯಮವನ್ನು ಫ್ರಾಯ್ಡ್ 1912ರ ತನ್ನ ಲೇಖನದಲ್ಲಿ ಶ್ಲಾಘಿಸಿದ್ದಾನೆ. ವೈದ್ಯನು ತನ್ನಲ್ಲಿ ಯಾವುದನ್ನು ಕಾಣಲಾರನೋ ಅದನ್ನು ರೋಗಿಯಲ್ಲಿಯೂ ಕಾಣಲಾರನೆಂಬುದೇ ಇದರ ಹಿಂದಿರುವ ತರ್ಕ. ಈ ತರ್ಕವನ್ನು ಚಿತ್ರರಚನೆಗೆ ಅನ್ವಯಿಸಿ ನೋಡಿದವರಲ್ಲಿ ಮೇರಿಯನ್ ಮಿಲ್ನರ್ ಗಣ್ಯಳು. 1950ರಲ್ಲಿ ಪ್ರಕಟವಾದ ಅವಳ ಗ್ರಂಥವು, ಚಿತ್ರ ಬರೆಯಲು ತನಗೇಕೆ ಸಾಧ್ಯವಾಗುತ್ತಿಲ್ಲವೆಂಬ ಪ್ರಶ್ನೆಯಿಂದ ಹೊರಟುದು. ಉದ್ದೇಶಪೂರ್ವಕವಾಗಿ ಶಾಂತವಾದ ದೃಶ್ಯವನ್ನು ಬರೆಯಹೊರಟಾಗಲೂ ಕೈಯಿಂದ ಮೂಡಿದುದು ಕೆಲವೊಮ್ಮೆ ಬಿರುಗಾಳಿಗೆ ಸಿಕ್ಕ ಮರಗಳಂತಹ ಉಗ್ರರೂಪವಾಗಿತ್ತು. ತಾನು ಅರಿಯದಿದ್ದ ಭಾವಗಳು ತನ್ನ ಕೈಯ ಮೂಲಕ ಪ್ರಕಟವಾಗುತ್ತಿರುವುದನ್ನು ಅವಳು ಹೀಗೆ ಕಂಡುಕೊಂಡಳು. ಚಿಕಿತ್ಸಕನಾಗುವವನು ಪಡೆಯಬೇಕಾದ ಅನುಭವವೂ ಇದೇ.

ಈ ಅಭ್ಯಾಸವು ಹಲವು ಬಗೆಯಾಗಿ ನಡೆಯುತ್ತದೆ. ಒಂದು ಸುಲಭ ಕ್ರಮವನ್ನು ನೌಂಬರ್ಗಳ ಸೋದರಿ ಫ್ಲಾರೆನ್ಸ್ ಕೇನ್ ರೂಪಿಸಿದಳು. ಕೈಯನ್ನು ಸ್ವಚ್ಛಂದವಾಗಿ ಆಡಿಸಿ ಕಾಗದದ ಮೇಲೆ ಗೀಚುಗೆರೆಗಳನ್ನೆಳೆದು, ಕಾಗದವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿ, ಅಲ್ಲಿ ಹೊಳೆದ ಆಕಾರವನ್ನು ವರ್ಣಗಳಿಂದ ಪೂರ್ಣಗೊಳಿಸುವುದು ಆ ಕ್ರಮ. ಇದಲ್ಲದೆ ಶಿಕ್ಷಣಾರ್ಥಿಗಳು ಚಿತ್ರದಿನಚರಿಯನ್ನಿಡುತ್ತಾರೆ. ಸಹಪಾಠಿಗಳ ಗೋಷ್ಠಿಯಲ್ಲಿ ಚಿತ್ರ ಬರೆದು ಅದರ ವಿಷಯವಾಗಿ ಮಾತನಾಡುತ್ತಾರೆ. ರೋಗಿಯೊಡನೆ ಕಳೆದ ಅವಧಿಯಾದ ಮೇಲೆ ತಮ್ಮ ಮನಸ್ಸಿನಲ್ಲುಳಿದುದನ್ನು ಚಿತ್ರಿಸಿ, ಮೇಲ್ವಿಚಾರಕರೊಡನೆ ಚರ್ಚಿಸುತ್ತಾರೆ. ಇಲ್ಲಿ ಚಿತ್ರದ ಸೊಗಸಿಗೆ ಗುಣಾಂಕವಿಲ್ಲ. ಯಾವುದನ್ನು ಬರೆಯಲು ಕೈ ಹಿಂಜರಿಯಿತು, ಯಾವುದನ್ನು ಅಳಿಸಬೇಕೆನಿಸಿತು, ಇನ್ನೊಬ್ಬನು ಅರ್ಥ ಹೇಳತೊಡಗಿದಾಗ ತನಗೇನನ್ನಿಸಿತು ಎಂಬುವೇ ಗಮನಿಸಬೇಕಾದ ಸಂಗತಿಗಳು.

ಇದರ ಪ್ರಯೋಜನವನ್ನು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಬಾಲಕನೊಬ್ಬನು ಹಾಳೆಯ ತುಂಬ ಕಪ್ಪುಬಣ್ಣವನ್ನು ಬಳಿದನೆನ್ನೋಣ. ಶಿಕ್ಷಣಾರ್ಥಿಯು ಅದನ್ನು ಶೋಕದ ಚಿಹ್ನೆಯೆಂದು ಒಡನೆಯೇ ತೀರ್ಮಾನಿಸುತ್ತಾಳೆ. ಬಾಲಕನಾದರೋ ರಾತ್ರಿಯಲ್ಲಿ ರೈಲು ಕಂಡ ಸಂತೋಷವನ್ನು ಬರೆದಿರಬಹುದು. ಅವಳು ತನ್ನ ದಿನಚರಿಯನ್ನು ತಿರುವಿಹಾಕಿದಾಗ, ಮನೆಯಲ್ಲೊಂದು ಸಾವು ಸಂಭವಿಸಿದಂದಿನಿಂದ ತಾನೇ ಕಪ್ಪನ್ನು ಶೋಕಕ್ಕೆ ಮೀಸಲಾಗಿಟ್ಟಿರುವುದು ಕಂಡುಬರುತ್ತದೆ. ಆ ಅರಿವಿನಿಂದ ಅವಳ ದುಃಖ ನೀಗದಿದ್ದರೂ ಬಾಲಕನ ಚಿತ್ರದಿಂದ ಅದು ಬೇರ್ಪಡುತ್ತದೆ. ಆಗ ಅವಳು ತೀರ್ಮಾನವನ್ನು ಬಿಟ್ಟು, ಇದೇನೆಂದು ಬಾಲಕನನ್ನೇ ಕೇಳಬಲ್ಲಳು. ತಪ್ಪಾದ ಅರ್ಥವನ್ನು ಅಧಿಕಾರವಾಣಿಯಿಂದ ಹೇಳಿದಲ್ಲಿ, ಮಗುವು ಮುಂದೆ ಚಿತ್ರವನ್ನೇ ಬರೆಯದೆ ಸುಮ್ಮನಾಗಬಹುದು. ಮಾತು ಬಾರದವನಿಗಿದ್ದ ಒಂದು ದಾರಿಯೂ ಆಗ ಮುಚ್ಚಿದಂತಾಗುತ್ತದೆ.

ಈ ಅಭ್ಯಾಸದಲ್ಲಿ ತೊಡಕುಗಳಿಲ್ಲವೆಂದಲ್ಲ. ತನ್ನ ಅಂತರಂಗವನ್ನು ತೆರೆದಿಡಬೇಕಾದುದು ತನಗೆ ಅಂಕ ನೀಡುವ ಅಧ್ಯಾಪಕನೆದುರಿಗಾದರೆ, ವಿದ್ಯಾರ್ಥಿಯು ಪ್ರಾಮಾಣಿಕನಾಗಿರುವುದಕ್ಕಿಂತ ಪ್ರಾಮಾಣಿಕನಂತೆ ತೋರಲು ಯತ್ನಿಸುವ ಸಂಭವವೇ ಹೆಚ್ಚು. ಆದುದರಿಂದಲೇ ಬ್ರಿಟಿಷ್ ಶಿಕ್ಷಣಕ್ರಮದಲ್ಲಿ ಶಿಕ್ಷಣಾರ್ಥಿಯು ಬೋಧಕವರ್ಗಕ್ಕೆ ಹೊರಗಿನ ಚಿಕಿತ್ಸಕರಲ್ಲಿ ತಾನೂ ಚಿಕಿತ್ಸೆ ಪಡೆಯಬೇಕೆಂಬ ನಿಯಮವಿದೆ. ಎರಡನೆಯದಾಗಿ, ತನ್ನನ್ನೇ ನೋಡಿಕೊಳ್ಳುವುದರಲ್ಲಿ ಮೈಮರೆತು ರೋಗಿಯನ್ನು ಮರೆಯುವ ಅಪಾಯವೂ ಉಂಟು. ಸ್ವಚಿತ್ರವು ರೋಗಿಯ ಬಗೆಗೆ ಪ್ರಮಾಣವಾಗಲಾರದು; ನೋಡುವವನ ಕಣ್ಣಿನ ದೋಷವನ್ನು ತಿಳಿಯಲು ಮಾತ್ರ ಅದು ಸಾಧನ.

ವಿದ್ಯಾರ್ಥಿಗಳ ಬರಹವನ್ನು ದಿನವೂ ಓದುವ ಅಧ್ಯಾಪಕರಿಗೂ ಈ ವಿಷಯವು ದೂರವಾದುದಲ್ಲ. ಅನ್ಯರ ಕೃತಿಗೆ ಅರ್ಥ ಹೇಳುವಾಗ ಅದರಲ್ಲಿ ನಮ್ಮದೆಷ್ಟು, ಅವರದೆಷ್ಟು ಎಂದು ವಿಂಗಡಿಸುವ ಅಭ್ಯಾಸವನ್ನು ಕಲಾಚಿಕಿತ್ಸೆಯು ತನ್ನ ಶಿಕ್ಷಣದ ನಿಯತ ಅಂಗವಾಗಿ ಮಾಡಿಕೊಂಡಿದೆ. ಈ ಕ್ರಮವು ಇತರ ಶಾಸ್ತ್ರಗಳ ಬೋಧನೆಯಲ್ಲಿಯೂ ಪರಿಶೀಲನೆಗೆ ಅರ್ಹವಾಗಿದೆ.